ಗೋದಾವರಿ ಸೀಮೆಯಲ್ಲಿ ದೊಡ್ಡವರ ಸಾವು

1599ರ ಮೇ ತಿಂಗಳಲ್ಲಿ ಮೊಗಲ್ ಚಕ್ರವರ್ತಿ ಅಕ್ಬರನ ಮಗ ಷಾ ಮುರಾದ್ ದಖನ್ನಿನಲ್ಲಿ ಕುಡಿತದಿಂದ ಸತ್ತ. ದೌಲತಾಬಾದಿನಿಂದ ಇಪ್ಪತ್ತು ಕೋಸು ದೂರದಲ್ಲಿ, ಪೂರ್ಣಾ ನದಿಯ ದಂಡೆಯ ಮೇಲೆ ಅವನ ಪಾಳೆಯ ಬಿಡಾರ ಹೂಡಿತ್ತು. ಅವನ ಅಣ್ಣ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಈ ಸಾವು ಜಾಲನಾಪುರದ ಸುತ್ತಿನಲ್ಲಿ ಆಯಿತೆಂದು ಬರೆಯುತ್ತಾನೆ. ಅದು ಇಂದಿನ ಜಾಲನಾ; 1981ರವರೆಗೂ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ, ಜಿಲ್ಲೆಗೆ ಸೇರಿದ್ದ ಊರು. ಮುರಾದನಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಅಹಮದನಗರದ ಕೋಟೆಯನ್ನು ಗೆಲ್ಲಲೆಂದು ಬಂದವನು ಚಾಂದ್ ಬೀಬಿಯ ಎದುರು ನಿಲ್ಲಲಾಗದೆ, ಬೇರಾರ್ ಪ್ರಾಂತವನ್ನಷ್ಟೇ ಪಡೆದು ಒಪ್ಪಂದ ಮಾಡಿಕೊಂಡಿದ್ದ. ಜೊತೆಗಿದ್ದ ಸೇನಾನಿ ಅಬ್ದುಲ್ ರಹೀಮ್ ಖಾನ್‌ಖಾನಾನನೊಂದಿಗೆ ಅವನಿಗೆ ಸರಿಬರಲಿಲ್ಲ. ಚಿಕ್ಕ ಮಗ ರುಸ್ತುಮ್ ತೀರಿಕೊಂಡ ಮೇಲಂತೂ ಕುಡಿತಕ್ಕೆ ಕಡಿವಾಣವೇ ಇಲ್ಲವಾಯಿತು.

ಮಗನನ್ನು ಕರೆತರಲು ಅಕ್ಬರ್ ತನ್ನ ಆಪ್ತ ಅಬುಲ್ ಫಜಲನನ್ನು ಕಳುಹಿಸಿದ. ಅವನು ಪಾಳೆಯ ಮುಟ್ಟುವ ಹೊತ್ತಿಗೆ ರಾಜಕುಮಾರ ಕೊನೆಯುಸಿರಿನಲ್ಲಿದ್ದ. ಸುದ್ದಿ ಹರಡಿದೊಡನೆ ಸೈನ್ಯ ಕಲಕಿಹೋಯಿತು. ಒಡೆಯನಿಲ್ಲದ ಪಾಳೆಯದಲ್ಲಿ ಬಾಕಿ ಸಂಬಳ ಯಾರು ಕೊಡುತ್ತಾರೆ, ಶತ್ರು ನೆಲದಿಂದ ಹಿಂದಿರುಗುವುದು ಹೇಗೆ ಎಂಬ ಚಿಂತೆ ಸಿಪಾಯಿಗಳದು. ಬಿಡಾರ ಕಿತ್ತು ಹೊರಡೋಣ ಎನ್ನುವವರೇ ಹೆಚ್ಚು. ಅಬುಲ್ ಫಜಲ್ ಕೈಯಿಂದ ಹಣ ಹಾಕಿ ಅವರನ್ನು ಸಮಾಧಾನಪಡಿಸಿ ದಂಡು ಒಡೆಯದಂತೆ ಹಿಡಿದಿಟ್ಟ. ಈ ಸೀಮೆಯಲ್ಲಿ ಹೆಸರಾಂತ ವ್ಯಕ್ತಿಯೊಬ್ಬ ವ್ಯಸನದಿಂದ ಸತ್ತಾಗ ಸುತ್ತಲಿನ ಜನ ಹೇಗೆ ನಡೆದುಕೊಂಡರೆಂಬುದಕ್ಕೆ ಸಿಗುವ ಹಳೆಯ ವಿವರವಾದ ದಾಖಲೆಗಳಲ್ಲಿ ಇದು ಒಂದು. ಅದರಲ್ಲಿ ಅಳುವಿಗಿಂತ ಅಂಜಿಕೆಯೇ ಎದ್ದು ಕಾಣುತ್ತದೆ. ಆಸ್ಥಾನದ ಇತಿಹಾಸಕಾರರು ಸಾವಿನ ಕಾರಣವನ್ನು ಮುಚ್ಚಿಡಲಿಲ್ಲ ಎಂಬುದೂ ಗಮನಿಸಬೇಕಾದ ಮಾತು. ಕುಡಿತವನ್ನು ಕುಡಿತವೆಂದೇ ಬರೆದರು. ಆದರೆ ತಪ್ಪನ್ನೆಲ್ಲ ಕೆಟ್ಟ ಸಹವಾಸದ ಮೇಲೆ, ಮುಖಸ್ತುತಿ ಮಾಡುವ ಸಂಗಡಿಗರ ಮೇಲೆ ಹಾಕಿದರು. ಹರೆಯದ ಹುಡುಗನನ್ನು ಮನೆಯಿಂದ ನೂರಾರು ಹರದಾರಿ ದೂರದ ಯುದ್ಧಕ್ಕೆ ಅಟ್ಟಿದವರ ಹೊಣೆಯ ಮಾತು ಅಲ್ಲಿ ಬರುವುದಿಲ್ಲ.

ಮುರಾದನ ಎದುರು ಕೋಟೆ ಕಾದ ಚಾಂದ್ ಬೀಬಿಯ ಅಂತ್ಯವೂ ಮರುವರ್ಷವೇ ಆಯಿತು. ವಿಜಯಪುರದ ಒಂದನೆಯ ಅಲಿ ಆದಿಲ್ ಷಾನ ಮಡದಿಯಾಗಿ, ಅವನು ಸತ್ತ ಮೇಲೆ ಎಳೆಯ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡವಳಾಗಿ ಕನ್ನಡಿಗರಿಗೆ ಅವಳು ಪರಿಚಿತೆ. 1600ರಲ್ಲಿ ಮೊಗಲರು ಮತ್ತೆ ಅಹಮದನಗರವನ್ನು ಮುತ್ತಿದಾಗ ಅವಳು ಶತ್ರುವಿನೊಡನೆ ಸಂಧಿಗೆ ಮುಂದಾಗಿದ್ದಾಳೆಂಬ ಗುಲ್ಲೆದ್ದಿತು. ಕೋಟೆಯೊಳಗಿನ ಅವಳದೇ ಮಂದಿ ನುಗ್ಗಿ ಅವಳನ್ನು ಕೊಂದರು. ನಾಲ್ಕು ವರ್ಷ ಹಿಂದೆ ಗೋಡೆ ಬಿದ್ದ ಕಡೆ ಅವಳ ಜೊತೆ ನಿಂತು ಕಾದಾಡಿದ ಊರೇ ಅದು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಗೆದ್ದವನು ಮುರಾದನ ತಮ್ಮ ದಾನಿಯಾಲ್.

ದಾನಿಯಾಲನ ಕಥೆಗೆ ವಿಜಯಪುರದ ನಂಟು ಇನ್ನೂ ಹತ್ತಿರದ್ದು. ಗೆದ್ದ ನಾಡನ್ನು ಬಿಗಿಗೊಳಿಸಲು ಅಕ್ಬರ್ ಇಬ್ರಾಹಿಂ ಆದಿಲ್ ಷಾನ ಮಗಳನ್ನು ದಾನಿಯಾಲನಿಗೆ ಕೇಳಿದ. ಮಾತುಕತೆ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಮದುಮಗಳ ದಿಬ್ಬಣ ವಿಜಯಪುರದಿಂದ ಹೊರಟಾಗ ಜೊತೆಯಲ್ಲಿ ಇತಿಹಾಸಕಾರ ಫರಿಶ್ತಾನೂ ಇದ್ದ. 1604ರಲ್ಲಿ ಗೋದಾವರಿಯ ದಂಡೆಯ ಪೈಠಣದಲ್ಲಿ ಮದುವೆ ನಡೆಯಿತು. ಸಂತ ಏಕನಾಥರು ಇದೇ ಊರಿನಲ್ಲಿ ತೀರಿಕೊಂಡು ಆಗ ಐದಾರು ವರ್ಷಗಳಷ್ಟೇ ಆಗಿದ್ದವು.

ಈ ಸಂಬಂಧದ ಕೆಲಸಕ್ಕೆ ಬಂದಿದ್ದ ಮೊಗಲ್ ಅಧಿಕಾರಿ ಅಸದ್ ಬೇಗ್ ವಿಜಯಪುರದ ಪೇಟೆಯಲ್ಲಿ ಹೊಗೆಸೊಪ್ಪನ್ನು ಕಂಡ. ಅವನು ಅದನ್ನು ಹಿಂದೆ ಎಲ್ಲಿಯೂ ನೋಡಿರಲಿಲ್ಲ. ಸ್ವಲ್ಪ ಕೊಂಡು, ರತ್ನ ಕೂರಿಸಿದ ಚಂದದ ಕೊಳವೆಯೊಂದನ್ನು ಮಾಡಿಸಿ, ಆಗ್ರಾಕ್ಕೆ ಒಯ್ದು ಅಕ್ಬರನ ಮುಂದಿಟ್ಟ. ವೈದ್ಯರು ಬೇಡವೆಂದರೂ ಚಕ್ರವರ್ತಿ ಕೆಲವು ದಮ್ಮು ಎಳೆದು ನೋಡಿದ. ಅವನಿಗೆ ಅದು ರೂಢಿಯಾಗಲಿಲ್ಲ, ಆದರೆ ಆಸ್ಥಾನದ ಅಮೀರರಿಗೆ ಹಿಡಿಯಿತು. ವರ್ತಕರು ತರಿಸತೊಡಗಿದರು. 1617ರ ಹೊತ್ತಿಗೆ ಜಹಾಂಗೀರ್ ನಿಷೇಧದ ಆಜ್ಞೆ ಹೊರಡಿಸಬೇಕಾಯಿತು, ಅದನ್ನು ಯಾರೂ ಪಾಲಿಸಲಿಲ್ಲ. ಮುಂದೆ ನಿಪ್ಪಾಣಿ ಹೊಗೆಸೊಪ್ಪಿನ ದೊಡ್ಡ ಪೇಟೆಯಾಗಿ, ನಾಸಿಕ ಜಿಲ್ಲೆಯ ಸಿನ್ನರ ಬೀಡಿ ಕಟ್ಟುವ ಊರಾಗಿ ಬೆಳೆದವು. ಆ ಬೀಡಿ ಕಟ್ಟಿದ ಸಾವಿರಾರು ಹೆಂಗಸರ ಕೆಮ್ಮು, ಕ್ಷಯ, ಸಾವುಗಳಿಗೆ ಯಾವ ಇತಿಹಾಸಕಾರನೂ ಒದಗಿ ಬರಲಿಲ್ಲ.

ಮದುವೆಯಾಗಿ ವರ್ಷ ತುಂಬುವ ಮೊದಲೇ, 1605ರಲ್ಲಿ, ದಾನಿಯಾಲ್ ಬುರ್ಹಾನಪುರದಲ್ಲಿ ಸತ್ತ. ಮುರಾದನ ಸಾವಿನಿಂದ ಬೆದರಿದ್ದ ಅಕ್ಬರ್ ಈ ಮಗನಿಗೆ ಹೆಂಡ ಸಿಗದಂತೆ ಕಟ್ಟಪ್ಪಣೆ ಮಾಡಿದ್ದ. ಕಾವಲಿನ ಹೊಣೆ ದಾನಿಯಾಲನ ಮಾವನೇ ಆದ ಖಾನ್‌ಖಾನಾನನದು. ಮನೆಯ ಸುತ್ತ ಪಹರೆ ಬಿತ್ತು. ಕುಡಿತ ತಪ್ಪಿದ ದಾನಿಯಾಲ್ ಆಳುಗಳ ಮುಂದೆ ಅತ್ತು ಗೋಗರೆದ. ಹೇಗಾದರೂ ತಂದುಕೊಡಿ ಎಂದ. ಅವನಿಗೆ ಬೇಟೆಯ ಹುಚ್ಚು, ಬಂದೂಕಿನ ಮೋಹ. ಮೆಚ್ಚಿನ ಬಂದೂಕೊಂದಕ್ಕೆ ಹೆಣದ ಚಟ್ಟಕ್ಕೆ ಸಮ ಎನ್ನುವ ಅರ್ಥದ ಹೆಸರಿಟ್ಟಿದ್ದ. ಮುರ್ಷಿದ್ ಕುಲಿ ಎಂಬ ಕೋವಿಕಾರ ಅದೇ ಬಂದೂಕಿನ ನಳಿಗೆಯಲ್ಲಿ ಎರಡು ಸಲ ಬಟ್ಟಿಯಿಳಿಸಿದ ಸಾರಾಯಿ ತುಂಬಿ ತಂದ. ಒಳಗಿನ ಮದ್ದಿನ ಕರಿ, ಕಬ್ಬಿಣದ ತುಕ್ಕು ಸಾರಾಯಿಯಲ್ಲಿ ಕರಗಿತ್ತು. ಕುಡಿದವನು ಮತ್ತೆ ಏಳಲಿಲ್ಲ. ತಂದುಕೊಟ್ಟವರನ್ನು ಖಾನ್‌ಖಾನಾನ್ ಹಿಡಿಸಿ ಕೊಲ್ಲಿಸಿದ.

ಈ ಕಥೆಯನ್ನು ಇಷ್ಟು ವಿವರವಾಗಿ ಬರೆದಿಟ್ಟವನು ಜಹಾಂಗೀರ್. ಅವನೂ ಅದೇ ರೋಗದವನು, ಅದನ್ನು ತಾನೇ ಒಪ್ಪಿಕೊಂಡವನು. ಹದಿನೆಂಟನೆಯ ವಯಸ್ಸಿಗೆ ಕುಡಿಯತೊಡಗಿ, ದ್ರಾಕ್ಷಾರಸ ಸಾಲದೆ ಸಾರಾಯಿಗೆ ಇಳಿದು, ದಿನಕ್ಕೆ ಇಪ್ಪತ್ತು ಬಟ್ಟಲು ಮುಟ್ಟಿದ್ದನ್ನು ಅವನು ಲೆಕ್ಕವಿಟ್ಟು ಹೇಳುತ್ತಾನೆ: ಹಗಲು ಹದಿನಾಲ್ಕು, ಇರುಳು ಆರು. ಕೈ ನಡುಗಿ ಬಟ್ಟಲು ಹಿಡಿಯಲಾಗದೆ ಇನ್ನೊಬ್ಬರು ಕುಡಿಸಬೇಕಾಗಿತ್ತು. ಹೀಗೇ ಆದರೆ ಆರು ತಿಂಗಳಲ್ಲಿ ಕೈಮೀರುತ್ತದೆ ಎಂದು ಹಕೀಮ್ ಹುಮಾಮ್ ಎಚ್ಚರಿಸಿದ ಮೇಲೆ ಏಳು ವರ್ಷ ಹಿಡಿದು ಆರು ಬಟ್ಟಲಿಗೆ ಇಳಿಸಿದ, ಜೊತೆಗೆ ಅಫೀಮು ಸೇರಿಸಿಕೊಂಡ. ಪಟ್ಟಕ್ಕೆ ಬಂದಾಗ ಹೊರಡಿಸಿದ ಹನ್ನೆರಡು ಆಜ್ಞೆಗಳಲ್ಲಿ ಮದ್ಯ ತಯಾರಿಸಬಾರದು, ಮಾರಬಾರದು ಎಂಬುದೂ ಒಂದು. ಅದರ ಪಕ್ಕದಲ್ಲೇ ತನ್ನ ಚಟವನ್ನೂ ಬರೆದಿದ್ದಾನೆ. ಆ ಕಾಲದ ಇತರ ದಾಖಲೆಗಳಲ್ಲಿ ವ್ಯಸನವೆಂದರೆ ದುರ್ಗುಣ. ಇವನ ಬರಹದಲ್ಲಿ ಅದು ಕೈ ನಡುಕ, ಅಳತೆ, ವೈದ್ಯ, ಮತ್ತೆ ಮತ್ತೆ ಸೋಲುವ ಪ್ರಯತ್ನ. ತಮ್ಮಂದಿರ ಸಾವಿನ ಬಗ್ಗೆ ಅವನು ಬರೆದ ಪುಟಗಳಿಗೆ ಇರುವ ಬೆಲೆ ಇದರಿಂದಲೇ ಬಂದದ್ದು.

ಜಹಾಂಗೀರನ ಆಳ್ವಿಕೆಯ ಬಹುಕಾಲ ಅವನ ಸೈನ್ಯವನ್ನು ದಣಿಸಿದವನು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಅಹಮದನಗರ ಸೇರಿ, ಆ ರಾಜ್ಯವನ್ನೇ ಎತ್ತಿ ನಿಲ್ಲಿಸಿದ ಮಂತ್ರಿ. 1610ರಲ್ಲಿ ಖಡ್ಕಿ ಎಂಬ ಹಳ್ಳಿಯಲ್ಲಿ ಅವನು ಕಟ್ಟಿದ ಊರೇ ಮುಂದೆ ಔರಂಗಾಬಾದ್ ಆಯಿತು. ನೆಲದಡಿಯ ಕೊಳವೆಗಳಲ್ಲಿ ನೀರು ಹರಿಸುವ ಅವನ ನೆಹರ್ ಕಾಲುವೆಗಳು ಶತಮಾನಗಳ ಕಾಲ ಊರಿಗೆ ನೀರು ಕೊಟ್ಟವು. ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕೆ ಅವನನ್ನು ಪಾಳೆಯದಲ್ಲಿ ಕಂಡು ಬಂದು, ಅಲ್ಲಿ ಕುಡಿದು ಬಿದ್ದವರಿಗೆ ಘೋರ ಶಿಕ್ಷೆಯಾಗುತ್ತಿತ್ತೆಂದು ಬರೆದ. ಜಹಾಂಗೀರನಿಗೆ ಅವನ ಹೆಸರೇ ಆಗದು. ಅಂಬರನ ಕತ್ತರಿಸಿದ ತಲೆಗೆ ತಾನು ಬಾಣ ಹೂಡಿರುವಂತೆ ಆಸ್ಥಾನದ ಚಿತ್ರಕಾರ ಅಬುಲ್ ಹಸನನಿಂದ ಚಿತ್ರ ಬರೆಸಿದ. ನಿಜದಲ್ಲಿ ಅವನ ತಲೆ ಎಂದೂ ಕೈಗೆ ಸಿಗಲಿಲ್ಲ. 1626ರಲ್ಲಿ ಅಂಬರ್ ವಯಸ್ಸಾಗಿ ಸತ್ತಾಗ ಆದದ್ದು ಅಪರೂಪದ ಸಂಗತಿ. ಅದೇ ಆಸ್ಥಾನದ ಮುತಮದ್ ಖಾನ್ ತನ್ನ ಇತಿಹಾಸದಲ್ಲಿ ಶತ್ರುವಿನ ಯುದ್ಧಕೌಶಲ, ವಿವೇಕ, ಆಡಳಿತಗಳನ್ನು ಮನಸಾರೆ ಹೊಗಳಿದ. ಅವನಿಗೆ ಸಮನಿರಲಿಲ್ಲ, ಕೊನೆಯವರೆಗೂ ಗೌರವದಿಂದ ಬಾಳಿದ ಎಂದು ಬರೆದ. ದಖನ್ನಿನ ಇತಿಹಾಸದಲ್ಲಿ ಮರಣಕಾಲದ ಬರಹವೆಂದು ಒಂದನ್ನೇ ಆರಿಸಬೇಕಾದರೆ ಇದನ್ನು ಆರಿಸಬೇಕು. ರಾಜಕುಮಾರರಿಗೆ ಸಿಗದ ಮಾತು ಗುಲಾಮನಾಗಿ ಬಂದವನಿಗೆ, ಅದೂ ಎದುರಾಳಿಯ ಲೇಖನಿಯಿಂದ ಸಿಕ್ಕಿತು.

ಅಂಬರನ ಗೋರಿ ಇರುವುದು ಖುಲ್ದಾಬಾದಿನಲ್ಲಿ. ಸಂಭಾಜಿನಗರದಿಂದ ಎಲ್ಲೋರಕ್ಕೆ ಹೋಗುವ ದಾರಿಯ ಗುಡ್ಡದ ಮೇಲಿನ ಈ ಸಣ್ಣ ಊರು ಹದಿನಾಲ್ಕನೆಯ ಶತಮಾನದಿಂದ ಸೂಫಿ ಸಂತರ ಗೋರಿಗಳ ಊರು. ಮುಂತಜಿಬುದ್ದೀನ್, ಬುರ್ಹಾನುದ್ದೀನ್ ಗರೀಬ್, ಜೈನುದ್ದೀನ್ ಶೀರಾಜಿ ಇಲ್ಲಿ ಮಣ್ಣಾದರು. ಕಲಬುರಗಿಯ ಖ್ವಾಜಾ ಬಂದೇನವಾಜರ ಬಾಲ್ಯ ಕಳೆದದ್ದು ಹತ್ತಿರದ ದೌಲತಾಬಾದಿನಲ್ಲಿ. ಅವರ ತಂದೆಯ ಗೋರಿಯೂ ಖುಲ್ದಾಬಾದಿನಲ್ಲೇ ಇದೆ. ಸಂತನ ಸಾವಿನ ದಿನವನ್ನು ಇಲ್ಲಿ ಶೋಕದ ದಿನವೆಂದು ಎಣಿಸುವುದಿಲ್ಲ. ದೇವರೊಡನೆ ಕೂಡಿದ ದಿನವೆಂದು ಉರುಸು ನಡೆಸುತ್ತಾರೆ: ಗಂಧ, ಹೂವಿನ ಚಾದರ, ಕವ್ವಾಲಿ, ಜಾತ್ರೆ. ಕಲಬುರಗಿಯ ಉರುಸು ಕಂಡವರಿಗೆ ಇದರ ಬಗೆ ಹೊಸದಲ್ಲ. ಅರಸರೂ ಸಂತರ ಪಕ್ಕದಲ್ಲಿ ಜಾಗ ಬಯಸಿದರು. ಹೈದರಾಬಾದ್ ಸಂಸ್ಥಾನದ ಮೂಲಪುರುಷ ನಿಜಾಮ್ ಉಲ್ ಮುಲ್ಕ್ 1748ರಲ್ಲಿ ಬುರ್ಹಾನಪುರದಲ್ಲಿ ಸತ್ತರೂ ಅವನನ್ನು ಇಲ್ಲಿಗೆ ತಂದು ಹೂಳಿದರು.

ಔರಂಗಜೇಬನ ವಿಷಯದಲ್ಲಿ ಸಾವಿನ ಆಚರಣೆಯನ್ನು ಸಾಯುವವನೇ ಗೊತ್ತುಮಾಡಿದ್ದ. ಮನೆತನದ ಚಟದಿಂದ ದೂರ ಉಳಿದವನು ಅವನು. ಆದರೂ ಒಂದು ಕಥೆ ಉಳಿದಿದೆ. ದಖನ್ನಿನ ಸುಬೇದಾರನಾಗಿದ್ದಾಗ ಅವನು ಹೀರಾಬಾಯಿ ಜೈನಾಬಾದಿ ಎಂಬ ಗಾಯಕಿಗೆ ಮರುಳಾದ. ಪ್ರೀತಿಯ ಪರೀಕ್ಷೆಯೆಂದು ಅವಳು ಮದ್ಯದ ಬಟ್ಟಲು ಕೊಟ್ಟಳು. ಅವನು ತುಟಿಗೆ ತರುವಷ್ಟರಲ್ಲಿ ಕಿತ್ತುಕೊಂಡಳು. ಹರೆಯದಲ್ಲೇ ಸತ್ತ ಅವಳನ್ನು ಔರಂಗಾಬಾದಿನಲ್ಲಿ ಹೂಳಲಾಯಿತು. 1707ರ ಮಾರ್ಚ್ 3ರಂದು ಅಹಮದನಗರದಲ್ಲಿ ಔರಂಗಜೇಬ್ ಸತ್ತ. ಟೋಪಿ ಹೊಲಿದು ಗಳಿಸಿದ ನಾಲ್ಕು ರೂಪಾಯಿ ಎರಡಾಣೆಯಲ್ಲಿ ತನ್ನ ಹೆಣಬಟ್ಟೆಯ ಖರ್ಚು ಮುಗಿಯಬೇಕು, ಕುರಾನ್ ಬರೆದು ಗಳಿಸಿದ 305 ರೂಪಾಯಿ ಬಡವರಿಗೆ ಹೋಗಬೇಕು ಎಂದು ಅವನ ಹೆಸರಿನ ಉಯಿಲು ಹೇಳುತ್ತದೆ. ಜೈನುದ್ದೀನರ ದರ್ಗಾದ ಅಂಗಳದಲ್ಲಿ ಮೇಲುಚಾವಣಿಯಿಲ್ಲದ ಮಣ್ಣಿನ ಗೋರಿಯಾಯಿತು. ಸುತ್ತಲಿನ ಅಮೃತಶಿಲೆಯ ಜಾಲಂಧ್ರ ಇಪ್ಪತ್ತನೆಯ ಶತಮಾನದ ಆರಂಭದ್ದು, ಲಾರ್ಡ್ ಕರ್ಜನ್ನನ ಕಾಲದ ಸೇರ್ಪಡೆ. ಸತ್ತವನ ಮೇಲಿನ ಜನರ ತೀರ್ಪು ಮೂರು ಶತಮಾನ ಕಳೆದರೂ ಮುಗಿದಿಲ್ಲ. ಅವನು 1689ರಲ್ಲಿ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ ಮರಾಠಾ ದೊರೆ ಸಂಭಾಜಿಯ ಹೆಸರನ್ನು 2023ರಲ್ಲಿ ಔರಂಗಾಬಾದಿಗೆ ಇಡಲಾಯಿತು. 2025ರ ಮಾರ್ಚಿನಲ್ಲಿ, ಸಂಭಾಜಿಯ ಸಾವನ್ನು ತೋರಿಸಿದ ಹಿಂದಿ ಸಿನಿಮಾವೊಂದು ಓಡುತ್ತಿದ್ದಾಗ, ಗೋರಿಯನ್ನು ಕಿತ್ತೊಗೆಯಬೇಕೆಂಬ ಕೂಗೆದ್ದು ನಾಗಪುರದಲ್ಲಿ ಗಲಭೆಯಾಯಿತು. ಖುಲ್ದಾಬಾದಿಗೆ ಪೊಲೀಸ್ ಕಾವಲು ಬಂತು.

ಗೋದಾವರಿಯ ಮೇಲುದಂಡೆಯ ನಾಸಿಕದಲ್ಲಿ ದೊಡ್ಡವರ ಸಾವು ಬೇರೊಂದು ಬಗೆಯಲ್ಲಿ ಬಂದು ಸೇರುತ್ತದೆ. ಇಲ್ಲಿನ ರಾಮಕುಂಡದಲ್ಲಿ ರಾಮ ತಂದೆ ದಶರಥನಿಗೆ ಪಿಂಡವಿಟ್ಟನೆಂಬ ನಂಬಿಕೆ. ಕುಂಡದಲ್ಲಿ ಅಸ್ಥಿ ಕರಗಿಹೋಗುತ್ತದೆಂದು ದೂರದೂರಿನಿಂದ ಜನ ತರುತ್ತಾರೆ. ತೀರ್ಥಪುರೋಹಿತರ ಮನೆಗಳಲ್ಲಿ ಬಂದುಹೋದ ಕುಟುಂಬಗಳ ಹೆಸರು, ಊರು, ತಲೆಮಾರುಗಳನ್ನು ಬರೆದಿಟ್ಟ ವಹಿಗಳಿವೆ. ಅರಸನಾಗಲಿ ಒಕ್ಕಲಿಗನಾಗಲಿ ಅಲ್ಲಿ ಒಂದು ಸಾಲು. 1948ರ ಫೆಬ್ರವರಿಯಲ್ಲಿ ಗಾಂಧೀಜಿಯ ಚಿತಾಭಸ್ಮವನ್ನು ದೇಶದ ಹಲವು ನದಿಗಳಲ್ಲಿ ಬಿಟ್ಟಾಗ ಒಂದು ಪಾಲು ರಾಮಕುಂಡಕ್ಕೂ ಬಂತು. ಪಕ್ಕದಲ್ಲಿ ಅದರ ನೆನಪಿನ ಸ್ಮಾರಕವಿದೆ. ಅದೇ ಫೆಬ್ರವರಿಯ ಮೊದಲ ದಿನಗಳಲ್ಲಿ ಸಾತಾರಾ, ಸಾಂಗಲಿ, ಕೊಲ್ಹಾಪುರಗಳ ಕಡೆ, ಗಾಂಧೀಜಿಯ ಕೊಲೆಗಾರನ ಜಾತಿಯವರೆಂಬ ಒಂದೇ ಕಾರಣಕ್ಕೆ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿದ್ದಿತ್ತು. ಅಹಿಂಸೆಗಾಗಿ ಬಾಳಿದವರ ಹೆಸರಿನಲ್ಲಿ ನಡೆದ ಆ ಸೇಡು ಈ ನಾಡಿನ ಶೋಕಾಚರಣೆಯ ಅತ್ಯಂತ ನೋವಿನ ಅಧ್ಯಾಯ.

ಇದಕ್ಕೆ ನಾಲ್ಕು ವರ್ಷ ಮೊದಲು, 1944ರ ಫೆಬ್ರವರಿ 16ರಂದು, ನಾಸಿಕದಲ್ಲಿ ದಾದಾಸಾಹೇಬ್ ಫಾಲ್ಕೆ ತೀರಿಕೊಂಡರು. ನಾಸಿಕಕ್ಕೆ ಹತ್ತಿರದ ತ್ರ್ಯಂಬಕದಲ್ಲಿ 1870ರಲ್ಲಿ ಹುಟ್ಟಿದವರು; 1913ರಲ್ಲಿ ಮುಂಬಯಿಯ ಕೊರೊನೇಷನ್ ಸಿನಿಮಾದಲ್ಲಿ ‘ರಾಜಾ ಹರಿಶ್ಚಂದ್ರ’ ತೋರಿಸಿ ದೇಶದ ಕಥಾಚಿತ್ರಗಳಿಗೆ ನಾಂದಿ ಹಾಡಿದವರು. ಅವರು ಪಾಲುದಾರರಾಗಿದ್ದ ಹಿಂದುಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ ನಾಸಿಕದಲ್ಲೇ ಕೆಲಸ ಮಾಡುತ್ತಿತ್ತು. ಮಾತಿನ ಚಿತ್ರಗಳು ಬಂದ ಮೇಲೆ ಅವರ ಕಾಲ ಸರಿಯಿತು. 1937ರ ‘ಗಂಗಾವತರಣ’ವೇ ಕೊನೆಯ ಚಿತ್ರ. ಮರೆವಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಅವರ ಸಾವು ಚಿತ್ರರಂಗದಲ್ಲಿ ದೊಡ್ಡ ಸುದ್ದಿಯಾಗಲಿಲ್ಲ. ದೇಶ ಅವರ ಹೆಸರಿನ ಪ್ರಶಸ್ತಿ ಸ್ಥಾಪಿಸಿದ್ದು 1969ರಲ್ಲಿ, ಸತ್ತು ಇಪ್ಪತ್ತೈದು ವರ್ಷಗಳ ಮೇಲೆ. ಪಾಂಡವಲೇಣಿ ಬೆಟ್ಟದ ಬುಡದ ಸ್ಮಾರಕ ಅದಕ್ಕೂ ಎಷ್ಟೋ ವರ್ಷಗಳ ನಂತರದ್ದು.

ಮರಾಠಿ ರಂಗಭೂಮಿಯಲ್ಲಿ ಕೀರ್ತಿ ಮತ್ತು ಕುಡಿತ ಒಟ್ಟಿಗೆ ನಡೆದ ಉದಾಹರಣೆಗಳು ಕಡಿಮೆಯಲ್ಲ. ಗಾಯಕ ನಟ ಮಾಸ್ಟರ್ ದೀನಾನಾಥ್ ಮಂಗೇಶ್ಕರ್ 1918ರಲ್ಲಿ ಬಲವಂತ ಸಂಗೀತ ಮಂಡಳಿ ಕಟ್ಟಿ ಊರೂರು ತಿರುಗಿ ಹೆಸರು ಗಳಿಸಿದರು. ಸಿನಿಮಾ ತೆಗೆಯಲು ಹೋಗಿ ಕೈ ಸುಟ್ಟುಕೊಂಡರು, ಕಂಪನಿ ಮುಚ್ಚಿತು, ಕುಡಿತ ಹೆಚ್ಚಿತು. 1942ರ ಏಪ್ರಿಲ್ 24ರಂದು ಪುಣೆಯಲ್ಲಿ ತೀರಿಕೊಂಡಾಗ ವಯಸ್ಸು ನಲವತ್ತೊಂದು. ಹಿರಿಯ ಮಗಳು ಲತಾಗೆ ಹನ್ನೆರಡು ವರ್ಷ. ಅದೇ ವರ್ಷ ಅವರು ಮನೆ ನಡೆಸಲು ಸಿನಿಮಾ ಸೇರಿದರು. ವ್ಯಸನಿಯ ಸಾವಿನ ಲೆಕ್ಕ ಸಲ್ಲುವುದು ಉಳಿದವರ ಮೇಲೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಹೆಸರು ಕಳೆದುಕೊಂಡ ವೃದ್ಧ ನಟನೊಬ್ಬನ ದುರಂತವನ್ನು ಹೇಳುವ ‘ನಟಸಮ್ರಾಟ್’ ನಾಟಕ 1970ರಲ್ಲಿ ರಂಗಕ್ಕೆ ಬಂತು. ಅದರ ಕರ್ತೃ ಕುಸುಮಾಗ್ರಜರು ನಾಸಿಕದವರೇ. 1999ರ ಮಾರ್ಚ್ 10ರಂದು ಅವರು ಅದೇ ಊರಿನಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವನ್ನು ಮಹಾರಾಷ್ಟ್ರ ಮರಾಠಿ ಭಾಷೆಯ ದಿನವಾಗಿ ಆಚರಿಸುತ್ತದೆ.

ಫಾಲ್ಕೆಯವರ ಹೆಸರಿನ ಪ್ರಶಸ್ತಿ 1995ನೇ ಸಾಲಿಗೆ ಬಂದದ್ದು ಡಾ. ರಾಜ್‌ಕುಮಾರ್ ಅವರಿಗೆ. 2006ರ ಏಪ್ರಿಲ್ 12ರ ಮಧ್ಯಾಹ್ನ ಅವರು ಸದಾಶಿವನಗರದ ಮನೆಯಲ್ಲಿ ತೀರಿಕೊಂಡಾಗ ಬೆಂಗಳೂರಿನಲ್ಲಿ ಆದದ್ದನ್ನು ಕನ್ನಡಿಗರು ಮರೆತಿಲ್ಲ. ಅಂತಿಮ ದರ್ಶನಕ್ಕೆ ಸರಿಯಾದ ವ್ಯವಸ್ಥೆಯಿಲ್ಲದೆ ಲಕ್ಷಾಂತರ ಜನ ಬೀದಿಯಲ್ಲಿ ನಿಂತರು. ಕಲ್ಲು, ಬೆಂಕಿ, ಗೋಲಿಬಾರ್. ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಸತ್ತರು. ದುಃಖವೇ ಹಿಂಸೆಯಾಯಿತು ಎನ್ನುವುದು ಅರ್ಧ ವಿವರಣೆ. ಜನ ಕಾಯಲು ಜಾಗವಿಲ್ಲದ್ದು, ಸುದ್ದಿಗಿಂತ ಗುಲ್ಲು ವೇಗವಾಗಿ ಓಡಿದ್ದು, ಯಾರ ಕೈಗೂ ಹೊಣೆ ಸಿಗದೆ ಹೋದದ್ದು ಉಳಿದರ್ಧ. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೃದಯಾಘಾತದಿಂದ ತೀರಿಕೊಂಡಾಗ ಆಡಳಿತ ಈ ಪಾಠ ಕಲಿತಿತ್ತು. ಕಂಠೀರವ ಕ್ರೀಡಾಂಗಣದಲ್ಲಿ ಹಗಲಿರುಳು ಸಾಲು ಸಾಗಿತು, ನಗರದಲ್ಲಿ ಮದ್ಯದ ಅಂಗಡಿಗಳನ್ನು ಮುಚ್ಚಿಸಲಾಯಿತು, 31ರ ಬೆಳಗ್ಗೆ ಅಂತ್ಯಕ್ರಿಯೆ ಶಾಂತವಾಗಿ ಮುಗಿಯಿತು. ತಂದೆಯಂತೆ ಮಗನ ಕಣ್ಣುಗಳೂ ದಾನವಾದವು. ಆ ಬಳಿಕ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಕೊಟ್ಟವರ ಸಂಖ್ಯೆ ಏರಿತು.

ದಾನಿಯಾಲನ ಕಾಲದ ನಡವಳಿಕೆ ನಮ್ಮ ಕಾಲದಲ್ಲೂ ಕಾಣುತ್ತದೆ. 2020ರ ಜೂನ್‌ನಲ್ಲಿ ಮುಂಬಯಿಯಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ಸತ್ತಾಗ ವಾಹಿನಿಗಳು ತಿಂಗಳುಗಟ್ಟಲೆ ಹೊಣೆಗಾರರನ್ನು ಹುಡುಕಿದವು. ತನಿಖೆ ಮಾದಕವಸ್ತುವಿನ ಕಡೆಗೆ ಹೊರಳಿತು. ಅವನ ಗೆಳತಿ ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೂ ಚಿತ್ರರಂಗದವರ ಬಂಧನಗಳಾದವು. ಕೊಲೆಯ ಸಾಧ್ಯತೆಯನ್ನು ಏಮ್ಸ್ ವೈದ್ಯರ ತಂಡ ಅದೇ ವರ್ಷ ತಳ್ಳಿಹಾಕಿತು. ಸಿಬಿಐ 2025ರಲ್ಲಿ ಪ್ರಕರಣ ಮುಗಿಸುವ ವರದಿ ಕೊಟ್ಟಿತು. ಖಾನ್‌ಖಾನಾನನಿಗೆ ಶಿಕ್ಷಿಸಲು ಕೋವಿಕಾರ ಸಿಕ್ಕಿದ್ದ. ಇಲ್ಲಿ ಶಿಕ್ಷೆ ಮೊದಲು ಬಂತು, ಅಪರಾಧದ ಸಾಕ್ಷ್ಯ ಬರಲಿಲ್ಲ.

ಲತಾ ಮಂಗೇಶ್ಕರ್ 2022ರ ಫೆಬ್ರವರಿ 6ರಂದು ಮುಂಬಯಿಯಲ್ಲಿ ತೀರಿಕೊಂಡರು. ಕೇಂದ್ರ ಸರ್ಕಾರ ಎರಡು ದಿನದ ಶೋಕ ಸಾರಿತು. ಶಿವಾಜಿ ಪಾರ್ಕಿನಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ನಟ ಶಾರುಖ್ ಖಾನ್ ಅಲ್ಲಿ ದುವಾ ಓದಿ ಊದಿದ್ದನ್ನು ಉಗುಳಿದರೆಂದು ತಿರುಚಿ ಕೆಲವರು ವಿವಾದವೆಬ್ಬಿಸಿದರು. ಖುಲ್ದಾಬಾದಿನಂಥ ದರ್ಗಾಗಳಲ್ಲಿ ಎಲ್ಲ ಜಾತಿಯ ತಾಯಂದಿರು ಮಕ್ಕಳಿಗೆ ಊದಿಸಿಕೊಂಡು ಹೋಗುವ ಪದ್ಧತಿ ಅದು. ಫೆಬ್ರವರಿ 10ರಂದು ಮಂಗೇಶ್ಕರ್ ಕುಟುಂಬದವರು ನಾಸಿಕಕ್ಕೆ ಬಂದು ರಾಮಕುಂಡದಲ್ಲಿ ವಿಧಿ ನಡೆಸಿ ಲತಾ ಅವರ ಅಸ್ಥಿಯನ್ನು ವಿಸರ್ಜಿಸಿದರು.